ಎರಡು ಗೆರೆಯ ಹಲ್ಲು

ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸುತ್ತಿತ್ತು ಡಾಕ್ಟರ್ ಈಶಪ್ಪನಿಗೆ. ಬೆಳಗಿನ ಹತ್ತು ಗಂಟೆ, ಕೊಪ್ಪಳದ ದವಾಖಾನೆಯ ಒಳಕೋಣೆ, ಎದುರಿಗೆ ಏಟು ತಿನ್ನಲಿಕ್ಕೆ ಯಾರೂ ಇರಲಿಲ್ಲ; ಇದ್ದದ್ದು ಒಂದು ಪತ್ರ. ಮುಂಬಯಿಯ ದಂತವೈದ್ಯ ಮಾಸಿಕದ ಸಂಪಾದಕ ಅದನ್ನು ಬರೆದು ಒಂದೂವರೆ ತಿಂಗಳಾಗಿತ್ತು, ಮಡಿಕೆ ಹರಿಯುವಷ್ಟು ಸಲ ಈಶಪ್ಪ ಅದನ್ನು ಬಿಚ್ಚಿ ಓದಿದ್ದ. ಸಂಪಾದಕ ಭಾಳ ಮರ್ಯಾದಸ್ಥ ಮನುಷ್ಯ. ಪ್ರಬಂಧದ ವಿಷಯ ಒಳ್ಳೆಯದಿದೆ, ಆದರೆ ಇದರ ಬಗ್ಗೆ ಹಿಂದಿನವರು ಏನೇನು ಬರೆದಿದ್ದಾರೆ ಎಂಬ ಸಮೀಕ್ಷೆ ತೀರಾ ತೆಳುವಾಗಿದೆ, ತುಂಬಿಸಿ ಕಳಿಸಿ ಅಂದಿದ್ದ. ಪ್ರಬಂಧದಲ್ಲಿ ಮಂಗಳೂರಿನ ಹೆಸರು ಕಂಡಕೂಡಲೇ ಸಮುದ್ರದ ದಂಡೆಯ ಊರೆಂದು ತಿಳಿದು ಉಪ್ಪುಗಾಳಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ್ದ. ಯಲಬುರ್ಗಿ ಸೀಮೆಯ ಮಂಗಳೂರಿಗೆ ಸಮುದ್ರ ಎಲ್ಲಿಂದ ಬರಬೇಕು, ಅವರಪ್ಪ ತಂದು ಹಾಕ್ಯಾನೇನು. ಇಷ್ಟೇ ಆಗಿದ್ದರೆ ಈಶಪ್ಪ ನಕ್ಕು ಬಿಡುತ್ತಿದ್ದ. ಗಂಟಲಲ್ಲಿ ಸಿಕ್ಕಿಕೊಂಡದ್ದು ಕೊನೆಯ ಸಾಲು. ಹಲ್ಲಿನ ಮೇಲಿನ ಕಂದು ಬಣ್ಣ ಬಾವಿಯ ನೀರಿನಿಂದಲೇ ಬಂದದ್ದು, ಎಲೆ ಅಡಿಕೆ ತಂಬಾಕಿನಿಂದಲ್ಲ ಅನ್ನುವುದಕ್ಕೆ ಪುರಾವೆ ಬೇಕು: ಹರೆಯದವರದು, ಏನೂ ಜಗಿಯದವರದು, ಹುಳುಕಿಲ್ಲದ ಮುಂಬದಿಯ ಹಲ್ಲು, ಬೇರುಸಹಿತ, ಹೆಸರು ವಯಸ್ಸು ಊರು ಬಾವಿಯ ವಿವರದೊಂದಿಗೆ ಒಂದೇ ಒಂದು ಕಳಿಸಿದರೂ ಸಾಕು, ಬರುವ ಸಂಚಿಕೆಯಲ್ಲಿ ಹಾಕುತ್ತೇವೆ. ಅಂಥ ಹಲ್ಲೊಂದು ಈಗ ಸ್ಪಿರಿಟ್ಟಿನ ಶೀಶೆಯಿಂದ ಹೊರಬಂದು, ಹತ್ತಿಯಲ್ಲಿ ಸುತ್ತಿಕೊಂಡು, ಪತ್ರದ ಪಕ್ಕದ ಕಟ್ಟಿಗೆ ಡಬ್ಬಿಯಲ್ಲಿ ಕೂತಿತ್ತು. ಮಧ್ಯಾಹ್ನದ ಟಪಾಲಿಗೆ ಹೋಗಬೇಕು. ಸಮೀಕ್ಷೆಯ ಕೊನೆಯ ಪುಟವೊಂದೇ ಬಾಕಿ.

ಸಮೀಕ್ಷೆ ಅಂದರೆ ಮತ್ತೇನು, ಸತ್ತವರ, ಬದುಕಿದ್ದವರ ಮುಂದೆಲ್ಲ ಕೈಕಟ್ಟಿ ನಿಂತು, ಒಬ್ಬೊಬ್ಬರ ಹೆಸರು ಹಿಡಿದು ನಮಸ್ಕಾರ ಹಾಕುವುದು. ಅಮೆರಿಕದ ಒಂದು ಗುಡ್ಡಗಾಡಿನ ಊರಿನಲ್ಲಿ ಒಬ್ಬ ಹೀಗೆ ಕಂಡ, ಇಟಲಿಯ ಬಂದರಿನಲ್ಲಿ ಹಡಗು ಹತ್ತುವವರ ಬಾಯಿ ನೋಡಿದ ಇನ್ನೊಬ್ಬ ಹಾಗೆ ಬರೆದ, ಮದ್ರಾಸಿನ ಕಡೆ ಮತ್ತೊಬ್ಬ ನೀರು ಸೋಸಿ ನೋಡಿದ. ಯುದ್ಧದ ಕಾಲದಲ್ಲಿ ಹಳೆಯ ಸಂಚಿಕೆಗಳು ಎಲ್ಲಿ ಸಿಗಬೇಕು? ಇವುಗಳಲ್ಲಿ ಅರ್ಧವನ್ನು ಈಶಪ್ಪ ಕಣ್ಣಿಂದ ಕಂಡಿರಲೇ ಇಲ್ಲ. ಯಾರೋ ಎತ್ತಿ ಬರೆದ ಸಾಲನ್ನು ತಾನೇ ಓದಿದವನ ಹಾಗೆ ಬರೆದುಕೊಂಡಿದ್ದ. ಪ್ರತಿ ಸಲ ಹಾಗೆ ಬರೆಯುವಾಗ ಕಿವಿಯ ಹಿಂದೆ ಬಿಸಿಯಾಗುತ್ತಿತ್ತು, ಆದರೂ ಬರೆದ. ಕೊನೆಗೆ ಬರೆಯಬೇಕಾದ ಒಂದು ವಾಕ್ಯ ಎರಡು ವರ್ಷದಿಂದ ತಲೆಯಲ್ಲಿ ಸಿದ್ಧವಾಗಿತ್ತು: ನಿಜಾಮರ ಸೀಮೆಯ ಈ ಭಾಗದಲ್ಲಿ ಇದನ್ನು ಮೊದಲು ಗುರುತಿಸಿದವನು ಈ ಲೇಖಕ. ಎಷ್ಟು ಸಣ್ಣ ವಾಕ್ಯ. ಇದಕ್ಕಾಗಿ ಅವನು ಏನು ಬೇಕಾದರೂ ಮಾಡುತ್ತಿದ್ದ, ಮಾಡಿಯೂ ಇದ್ದ. ಹೈದರಾಬಾದಿನ ವೈದ್ಯರ ಸಭೆಯಲ್ಲಿ ಹಿರಿಯ ಡಾಕ್ಟರೊಬ್ಬ ಅವನು ಒಯ್ದಿದ್ದ ಶೀಶೆಯಿಂದ ಒಂದು ಹಲ್ಲು ತೆಗೆದು ಬೆಳಕಿಗೆ ಹಿಡಿದು, ಇವರಿಗೆ ಎಲೆ ಅಡಿಕೆ ಕಡಿಮೆ ಮಾಡಲಿಕ್ಕೆ ಹೇಳ್ರಿ ಡಾಕ್ಟರ್, ಪ್ರಬಂಧ ಬರೆಯೂದು ಉಳೀತದ ಅಂದಾಗ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ನಕ್ಕವರ ಮೇಲೆ ಈಶಪ್ಪನಿಗೆ ಅಷ್ಟು ಸಿಟ್ಟಿರಲಿಲ್ಲ. ತಾನೂ ನಕ್ಕಿದ್ದ, ಗಂಗಾವತಿಯ ಹೊಳೆ ನೀರು ಕುಡಿದು ಬೆಳೆದ ತನ್ನ ಬಿಳಿ ಹಲ್ಲುಗಳನ್ನೆಲ್ಲ ತೋರಿಸಿ, ಎಲ್ಲರಿಗಿಂತ ಜೋರಾಗಿ. ಅದನ್ನು ನೆನೆದರೆ ಈಗಲೂ ತನ್ನ ದವಡೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೊರಗಿನ ಕೋಣೆಯಲ್ಲಿ ಕಂಪೌಂಡರ್ ಅಬ್ದುಲಸಾಬ ಶೀಶೆಗಳನ್ನು ಒರೆಸಿ ಹಲಗೆಯ ಮೇಲೆ ಜೋಡಿಸುತ್ತಿದ್ದ ಸದ್ದು ಕೇಳಿಸುತ್ತಿತ್ತು. ಒಟ್ಟು ಅರವತ್ತೆರಡು ಶೀಶೆ, ಒಂದೊಂದರಲ್ಲಿ ಸ್ಪಿರಿಟ್ಟಿನೊಳಗೆ ಒಂದೊಂದು ಹಲ್ಲು. ಕುಷ್ಟಗಿ, ಯಲಬುರ್ಗಿ, ಎಲ್ಲಕ್ಕಿಂತ ಹೆಚ್ಚು ಮಂಗಳೂರು. ಅಬ್ದುಲಸಾಬನೂ ಮಂಗಳೂರಿನವನೇ, ಮೂವತ್ತು ಇನ್ನೂ ತುಂಬದವನು, ವೀಳ್ಯ ಮುಟ್ಟದವನು, ನಗುವಾಗ ಆ ಊರಿನ ಎಲ್ಲರ ಹಾಗೆ ಕಂದು ಹಲ್ಲು ಕಾಣದಂತೆ ಅಂಗೈ ಅಡ್ಡ ಹಿಡಿಯುವವನು. ಊರವರು ಹಲ್ಲು ನೋವೆಂದು ಇಷ್ಟು ದೂರ ಬರುತ್ತಿದ್ದದ್ದೇ ಅವನ ಮುಖ ನೋಡಿ, ಅವನ ಮಾತು ನಂಬಿ. ಶೀಶೆಗೆ ಚೀಟಿ ಅಂಟಿಸಲಿಕ್ಕೆ ಶುರು ಮಾಡಿದ ದಿನವೇ ಅವನು ಹೇಳಿದ್ದ, ಹೆಸರು ಬರೀಬ್ಯಾಡ್ರಿ ಸಾಹೇಬ್ರ, ನಂಬರ ಹಾಕೂಣು ಅಂತ. ಆ ಹಳ್ಳಿಗಳಲ್ಲಿ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುತ್ತಾರೆ, ಇಲ್ಲ ಹಿತ್ತಲಲ್ಲಿ ಹೂಳುತ್ತಾರೆ. ಪರರ ಕೈಗೆ ಮಾತ್ರ ಹೋಗಗೊಡುವುದಿಲ್ಲ. ಹಲ್ಲೂ ಹೆಸರೂ ಒಂದೇ ಕಡೆ ಯಾರ ಬಳಿ ಇರುತ್ತದೋ ಅವನು ಆ ಮನುಷ್ಯನನ್ನು ಏನು ಬೇಕಾದರೂ ಮಾಡಬಹುದು ಅಂತ ಅವರ ನಂಬಿಕೆ. ಈಶಪ್ಪ ನಕ್ಕಿದ್ದ. ಹೆಸರಿಲ್ಲದಿದ್ದರೆ ಮುಂಬಯಿಯವರು ನಂಬೂದಿಲ್ಲಪ್ಪ ಅಂದಿದ್ದ. ತಾನು ಇಂಗ್ಲಿಷಿನಲ್ಲಿ ಬರೆದ ಚೀಟಿಯ ಕೆಳಗೆ ಕನ್ನಡದಲ್ಲೂ ಬರಿ, ಬೇಕಾದಾಗ ನೀನು ಹುಡುಕಿ ಕೊಡಬೇಕಲ್ಲ ಅಂದಿದ್ದೂ ತಾನೇ. ಅಬ್ದುಲಸಾಬನ ಅಕ್ಷರ ದುಂಡಗೆ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು, ಓದಲು ಬರುವ ಯಾರಾದರೂ ಬಾಗಿಲಲ್ಲೇ ನಿಂತು ಓದಬಹುದಿತ್ತು.

ಮಂಗಳೂರಿನ ಯಮನೂರಮ್ಮ ಬಂದದ್ದು ಇಪ್ಪತ್ತು ದಿನದ ಹಿಂದೆ, ಒಳದವಡೆಯ ನೋವಿಗೆ. ಹತ್ತೊಂಬತ್ತು ವರ್ಷದ ಹೆಣ್ಣುಮಗಳು, ಒಂದು ಕೆನ್ನೆ ಊದಿ ಕಣ್ಣು ಮುಚ್ಚಿತ್ತು, ಗಂಡ ವಿರುಪಣ್ಣ ಹೊರಗೆ ಬಂಡಿಯ ಎತ್ತು ಹಿಡಿದು ನಿಂತಿದ್ದ. ಕುರ್ಚಿಯ ಮೇಲೆ ಕೂತರೂ ಸೆರಗು ಬಾಯಿಂದ ತೆಗೆಯಲೊಲ್ಲಳು. ಅಂಜಬ್ಯಾಡ ತಂಗಿ, ನಾ ನಿಮ್ಮೂರಾವ ಅಂತ ಅಬ್ದುಲಸಾಬ ಅಂದ ಮೇಲೆ ಬಾಯಿ ತೆರೆದಳು. ಆ ಒಳಹಲ್ಲು ಎರಡೇ ಎಳೆತಕ್ಕೆ ಬಂತು, ಕೀವಿನ ಸಮೇತ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಕೈ ತೊಳೆಯಲಿಕ್ಕೆ ತಿರುಗಿದವನು ಮತ್ತೆ ತಿರುಗಿ ನೋಡಿದ, ಕಿಟಕಿಯ ಬಿಸಿಲು ಅವಳ ಬಾಯೊಳಗೆ ಬಿದ್ದಿತ್ತು, ಮೇಲಿನ ಎಡಗಡೆಯ ಕೋರೆಹಲ್ಲಿನ ಮೇಲೆ ಎರಡು ಕಂದು ಗೆರೆ, ನಡುವೆ ಸುಣ್ಣದ ಹಾಗೆ ಬಿಳಿ. ಹುಳುಕಿಲ್ಲ, ಸವಕಳಿಯಿಲ್ಲ. ಎಲೆ ಅಡಿಕೆ ಹಾಕ್ತೀಯೇನು ಅಂತ ಕೇಳಿದ. ಇಲ್ಲ ಅಂತ ಅವಳು ತಲೆಯಾಡಿಸಿದಳು. ಎಷ್ಟು ವಯಸ್ಸು, ಯಾವ ಬಾವಿ, ಎಲ್ಲ ಕೇಳಿದ. ಹೊಟ್ಟೆಯಲ್ಲೇನಾದರೂ ಐತೇನು ಅನ್ನುವುದೊಂದನ್ನು ಕೇಳಲಿಲ್ಲ. ಅದೂ ಕೆಟ್ಟೈತಿ, ತೆಗೀಬೇಕು ಅಂದ. ತಲೆ ಹಿಡಿದಿದ್ದ ಅಬ್ದುಲಸಾಬನ ಕೈ ಸಡಿಲಾಯಿತು, ಅವನು ಹಲ್ಲು ನೋಡಿದ, ಡಾಕ್ಟರನ ಮುಖ ನೋಡಿದ. ಹಿಡಿ, ಅಂದ ಈಶಪ್ಪ. ಅಬ್ದುಲಸಾಬ ಹಿಡಿದ.

ಕೋರೆಹಲ್ಲಿನ ಬೇರು ಬಾಯಿಯಲ್ಲಿ ಎಲ್ಲದಕ್ಕಿಂತ ಉದ್ದ. ಜೋಮು ಹಿಡಿಸುವ ಸೂಜಿಮದ್ದಿಗೆ ಯುದ್ಧದಿಂದ ಬರ, ಮೊದಲನೆಯ ಹಲ್ಲಿಗೆ ಕೊಟ್ಟದ್ದೇ ಅರ್ಧ, ಎರಡನೆಯದಕ್ಕೆ ಕೊಡಲೇ ಇಲ್ಲ. ಇಕ್ಕಳ ಒಸಡಿನೊಳಗೆ ಇಳಿದಾಗ ಅವಳು ಒದರಲಿಲ್ಲ, ಹಿಮ್ಮಡಿಯಿಂದ ನೆಲ ಒದ್ದಳು, ಒದ್ದೇ ಒದ್ದಳು. ಹಲ್ಲು ಮುರಿಯಬಾರದು, ಬೇರು ಇಡಿಯಾಗಿ ಬರಬೇಕು ಅಂತ ಅವನು ನಿಧಾನ ಮಾಡಿದ; ಅವಳ ಸಲುವಾಗಿ ಅಲ್ಲ. ಒಳಗೆ ಎಲುಬು ಕಿರ್ ಅಂದದ್ದು ಅವನ ಮೊಣಕೈವರೆಗೆ ಬಂತು. ಅವಳ ಉಗುರು ಅಬ್ದುಲಸಾಬನ ಮುಂಗೈ ಸೀಳಿ ರಕ್ತ ಬಂತು, ಅವನು ಬಿಡಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡ. ಆಮೇಲೆ ಒಮ್ಮೆಲೇ ಕೈ ಹಗುರಾಯಿತು. ಇಕ್ಕಳದ ತುದಿಯಲ್ಲಿ ರಕ್ತ ತೊಟ್ಟಿಕ್ಕುವ ಆ ಉದ್ದನೆಯ ಹಲ್ಲು ನೋಡಿ ಈಶಪ್ಪನಿಗೆ ಸಂತೋಷವಾಯಿತು. ಸುಳ್ಳು ಯಾಕೆ, ಸಂತೋಷವೇ ಆಯಿತು, ಹೈದರಾಬಾದಿನ ಸಭೆಯವರ ಬಾಯಿಗಳನ್ನೆಲ್ಲ ಒಂದೇ ಎಳೆತಕ್ಕೆ ಕಿತ್ತ ಹಾಗೆ. ಅವಳು ಬೋಗುಣಿಗೆ ಬಾಗಿ ಉಗುಳುತ್ತಲೇ ಇದ್ದಳು, ಅವನು ಹಲ್ಲನ್ನು ನೀರಲ್ಲಿ ಅದ್ದಿ ತೊಳೆಯುತ್ತಿದ್ದ.

ಎಂಟು ದಿನಕ್ಕೆ ಸುದ್ದಿ ಬಂತು. ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಅಬ್ದುಲಸಾಬ ಹೇಳಿದ: ಯಮನೂರಮ್ಮಗ ಜ್ವರ ಏರಿತ್ತಂತ್ರಿ, ದವಡಿ ಕಲ್ಲಿನಂಗ ಆಗಿತ್ತಂತ, ಹೊಟ್ಟ್ಯಾಗ ಮೂರು ತಿಂಗಳದ್ದು ಇತ್ತಂತ, ನಿಲ್ಲಲಿಲ್ಲಂತ. ಈಶಪ್ಪನ ಬಾಯಿಗೆ ಏನೇನೋ ಬಂದವು. ಹೋಗಿ ನೋಡಿ ಬರೂಣು ನಡಿ ಅನ್ನಬೇಕೆಂದಿದ್ದ. ಬಾಯಿಂದ ಹೊರಬಿದ್ದ ಮಾತು ಬೇರೆ, ಆ ಶೀಶೆಗೆ ಸ್ಪಿರಿಟ್ ತುಂಬಿಸಿದೇನು ಅಂತ. ತುಂಬಿಸೀನ್ರಿ ಅಂದು ಅಬ್ದುಲಸಾಬ ಹೋದ. ಗಾಯದೊಳಗೆ ನಂಜು ಸೇರಿದರೆ ಜ್ವರ, ಜ್ವರ ಏರಿದರೆ ಗರ್ಭಕ್ಕೆ ಅಪಾಯ. ಇದನ್ನು ಬರೆದವರ ಹೆಸರು ಅವನಿಗೆ ಗೊತ್ತಿತ್ತು, ಪುಟವೂ ಗೊತ್ತಿತ್ತು. ಅದು ಈ ಪ್ರಬಂಧಕ್ಕೆ ಸೇರಿದ್ದಲ್ಲ ಅಂತ ಅಂದುಕೊಂಡು ಮುಂದಿನ ಸಾಲಿಗೆ ಹೋಗಿದ್ದ. ಪ್ರಬಂಧ ಅಚ್ಚಾದರೆ ಆ ಬಾವಿ ಮುಚ್ಚಿಸಬಹುದು, ಬೇರೆ ನೀರು ತರಿಸಬಹುದು, ಹುಟ್ಟುವ ಕೂಸುಗಳೆಲ್ಲ ಬಾಯಿ ಮುಚ್ಚಿಕೊಳ್ಳದೆ ನಗಬಹುದು. ಇದನ್ನು ದಿನಾ ಮೂರು ಹೊತ್ತು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಉಂಡ ಮೇಲೆ ಔಷಧ ಕುಡಿದ ಹಾಗೆ. ಹುಟ್ಟದೆ ಹೋದ ಕೂಸು ಒಂದಿದೆಯಲ್ಲ ಅಂತ ಒಳಗೊಂದು ದನಿ ಕೇಳಿದರೆ ಅದರ ಬಾಯಿಗೇ ಇಕ್ಕಳ ಹಾಕಬೇಕು ಅನ್ನಿಸುತ್ತಿತ್ತು.

ಕೊನೆಯ ಪುಟ ಅರ್ಧಕ್ಕೆ ಬಂದಾಗ ಹೊರಗೆ ಬಂಡಿ ನಿಂತ ಸದ್ದಾಯಿತು. ಅಬ್ದುಲಸಾಬ ಬರ್ರಿ ಅಂದದ್ದು ಕೇಳಿಸಿತು. ಈಶಪ್ಪ ಡಬ್ಬಿಯ ಮೇಲೆ ಕಾಗದ ಮುಚ್ಚಿ ಹೊರಗೆ ಬಂದ. ಯಮನೂರಮ್ಮ ನಿಂತಿದ್ದಳು, ಬಣ್ಣ ಇಳಿದು, ಅರ್ಧ ಆಗಿ. ಗಂಡ ವಿರುಪಣ್ಣ ಪಕ್ಕದಲ್ಲಿ, ಕೈಯಲ್ಲಿ ಬಂಡಿಯ ಗೂಟ. ಇನ್ನೊಬ್ಬ ಅವನ ಅಣ್ಣ ಪಂಪಣ್ಣ, ಹತ್ತಿ ವ್ಯಾಪಾರಕ್ಕೆ ಓಡಾಡುವವನು, ನಾಲ್ಕಕ್ಷರ ಓದಿದವನು. ಹೋದ ವಾರ ಕೆಮ್ಮಿನ ಔಷಧಕ್ಕೆ ಬಂದವನು ಆ ಹಲಗೆಯ ಮುಂದೆ ಭಾಳ ಹೊತ್ತು ನಿಂತಿದ್ದು ಈಶಪ್ಪನಿಗೆ ಈಗ ನೆನಪಾಯಿತು. ಪಂಪಣ್ಣ ದನಿ ಏರಿಸಲಿಲ್ಲ. ನಮ್ಮ ಮನಿ ಸೊಸಿ ಹೆಸರು ನಿಮ್ಮ ಶೀಶೆ ಮ್ಯಾಲೆ ಐತಿ, ಅಕಿ ಹಲ್ಲು ಅದರಾಗ ಇತ್ತು, ಹೊಟ್ಟ್ಯಾಗಿನ ಕೂಸು ಹೋತು. ನಾವು ಜಗಳಕ್ಕ ಬಂದಿಲ್ಲ, ಹಲ್ಲು ಕೊಡ್ರಿ, ಮಣ್ಣು ಮಾಡ್ತೀವಿ, ಅಷ್ಟ. ಅಷ್ಟೇ ಕೇಳಿದರು, ಎಷ್ಟು ಸಸಾರದ ಬೇಡಿಕೆ. ಒಳಗೆ ಹೋಗಿ ಡಬ್ಬಿ ತಂದು ಕೈಗಿಟ್ಟಿದ್ದರೆ ಬಂಡಿ ಹತ್ತಿ ಹೋಗುತ್ತಿದ್ದರು, ಇದು ಈಶಪ್ಪನಿಗೆ ಗೊತ್ತಿತ್ತು. ಮಾಟ ಗೀಟ ಏನೂ ಇಲ್ಲ ಅಂತ ಅವನು ಹೇಳುತ್ತಿದ್ದ, ಹೇಳುತ್ತ ಹೇಳುತ್ತ ಹಲಗೆಯ ಹತ್ತಿರ ಹೋದ, ಅವನ ಕೈ ಕುಷ್ಟಗಿಯ ಸಾಲಿನಿಂದ ಒಂದು ಶೀಶೆ ಎತ್ತಿತು. ಮುದಕಮ್ಮ ಅನ್ನುವ ಒಬ್ಬಾಕೆಯ ಕೋರೆಹಲ್ಲು. ಚೀಟಿಯನ್ನು ಅಂಗೈಯಲ್ಲಿ ಮುಚ್ಚಿ, ಉಗುರಿನಿಂದ ಕೆರೆದು ತೆಗೆದು, ಹಲ್ಲನ್ನು ಹೊರಗೆ ಸುರಿದು ಅವಳ ಕೈಗಿಟ್ಟ. ತಗೋ ತಾಯಿ, ಅಂದ.

ಹಲ್ಲಿಗೆ ಹಲ್ಲು, ಆ ಹಳ್ಳಿಯ ಹೆಣ್ಣಿಗೇನು ಗೊತ್ತಾಗಬೇಕು ಅಂದುಕೊಂಡಿದ್ದ ಈ ಶಾಣ್ಯಾ. ಅರವತ್ತೆರಡು ಹಲ್ಲು ಅಳೆದು ಬರೆದವನಿಗೆ ಇಷ್ಟು ಹೊಳೆಯಲಿಲ್ಲ: ಇಷ್ಟು ವರ್ಷ ಕನ್ನಡಿಯ ಮುಂದೆ ನಿಂತು ನಾಚಿಕೊಂಡ ಹಲ್ಲನ್ನು ಯಾರೂ ಮರೆಯುವುದಿಲ್ಲ. ಯಮನೂರಮ್ಮ ಅದನ್ನು ಬೆಳಕಿಗೆ ಹಿಡಿದಳು. ಭಾವನ ಮುಂದೆ, ಗಂಡನ ಮುಂದೆ, ಎಂದೂ ತೆಗೆಯದ ಸೆರಗನ್ನು ಬಾಯಿಂದ ತೆಗೆದು, ತುಟಿ ಎತ್ತಿ, ಇನ್ನೂ ಕೆಂಪಗಿದ್ದ ಆ ಸಂದಿನಲ್ಲಿ ಹಲ್ಲು ಇಟ್ಟು ನೋಡಿದಳು. ಅದು ಕೂಡಲಿಲ್ಲ.

"ಇದು ನಂದಲ್ಲ. ನಂದರ ಮ್ಯಾಲೆ ಎರಡು ಗೆರಿ ಇದ್ದವು," ಅಂದಳು.

ಹಂಗಾರ ಇದು ಯಾರದು, ನಮ್ಮದು ಎಲ್ಲಿ ಅಂತ ಪಂಪಣ್ಣ ಕೇಳಿದ. ವಿರುಪಣ್ಣ ಗೂಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಮಧ್ಯಾಹ್ನದ ಟಪಾಲು, ಸಂಪಾದಕನ ಕೊನೆಯ ಸಾಲು, ಈ ಲೇಖಕ ಅನ್ನುವ ಎರಡು ಶಬ್ದ, ಎಲ್ಲ ಒಮ್ಮೆಲೇ ಈಶಪ್ಪನ ಕಣ್ಣಿಗೆ ಬಂದವು, ಆಮೇಲೆ ಆ ಗೂಟ ಬಂತು. ಅವನು ಅಂದದ್ದು ಹೀಗೆ:

"ಚೀಟಿ ಬರಿಯಾವ ಅಬ್ದುಲಸಾಬ. ಆತ ಎಲ್ಲೆರೆ ಅದಲು ಬದಲು ಮಾಡಿರಬೇಕು."

ಅಬ್ದುಲಸಾಬ ಡಾಕ್ಟರನ ಕಡೆ ನೋಡಿದ, ಅವತ್ತು ಕುರ್ಚಿಯ ಹಿಂದೆ ನಿಂತು ನೋಡಿದ್ದನಲ್ಲ, ಹಾಗೇ. ಬಾಯಿ ತೆರೆಯುವುದರೊಳಗೆ ವಿರುಪಣ್ಣನ ಗೂಟ ಅವನ ಭುಜಕ್ಕೆ ಬಿತ್ತು. ನೀ ನಮ್ಮೂರಾವ ಅಂತ ನಂಬಿ ಕಳಿಸಿದೆ, ನೀ ಅಕಿ ತಲಿ ಹಿಡಿದಿ ಅಂತ ಅನ್ನುತ್ತ ಹೊಡೆದ, ಅನ್ನುತ್ತ ಹೊಡೆದ. ಅಬ್ದುಲಸಾಬ ಹಲಗೆಗೆ ಒರಗಿದ, ಹಲಗೆ ಉರುಳಿತು, ಶೀಶೆಗಳು ಒಂದರ ಮೇಲೊಂದು ಬಿದ್ದು ಒಡೆದವು, ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿತು. ಗಾಜಿನ ಚೂರಿನ ನಡುವೆ ಹಲ್ಲುಗಳು ಕಾಲ ಕೆಳಗೆ ಉರುಳಾಡಿದವು, ಪಂಪಣ್ಣನ ಕೆರವಿನಡಿ ಒಂದೆರಡು ಪುಡಿಯಾದವು. ಅಬ್ದುಲಸಾಬ ಏಳಲಿಕ್ಕೆ ನೋಡಿದಾಗ ಗೂಟದ ತುದಿ ಬಾಯಿಗೇ ಬಿತ್ತು. ಈಶಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಬಿಡಿಸಬೇಕು ಅಂತ ಅವನ ಕಾಲಿಗೆ ಅನ್ನಿಸಲಿಲ್ಲ. ಭಯ ಇತ್ತು, ನಾಚಿಕೆ ಇತ್ತು, ಅವೆರಡರ ಅಡಿಯಲ್ಲಿ ಇನ್ನೊಂದಿತ್ತು: ಆ ಏಟುಗಳು ಒಂದೊಂದೂ ತನ್ನಿಂದ ದೂರ ಬೀಳುತ್ತಿರುವುದರ ಸಮಾಧಾನ. ಅದು ತನ್ನೊಳಗೆ ಇರುವುದು ಅವನಿಗೆ ಚೆನ್ನಾಗಿ ಕಂಡಿತು, ಕಂಡರೂ ಅದು ಹೋಗಲಿಲ್ಲ.

ನಿಲ್ಲಿಸಿದವಳು ಯಮನೂರಮ್ಮ. ಗಂಡನ ಕೈಯಿಂದ ಗೂಟ ಹಿಡಿದು ಎಳೆದಳು, ನಿತ್ರಾಣದಿಂದ ಅವಳೇ ಅದರ ಜೊತೆ ಬಗ್ಗಿದಳು.

"ಆತನ್ನ ಬಿಡ್ರಿ. ಆತ ತಲಿ ಹಿಡಿದಾವ. ಕಿತ್ತಾವರು ಅಲ್ಲಿ ನಿಂತಾರ."

ಎಲ್ಲರೂ ಅವನ ಕಡೆ ತಿರುಗಿದರು. ಗೂಟ ಈಗ ತನಗೆ ಬೀಳುತ್ತದೆ ಅಂತ ಈಶಪ್ಪ ಮೈ ಬಿಗಿಹಿಡಿದ, ಒಂದರೆಗಳಿಗೆ ಬೀಳಲಿ ಅಂತಲೂ ಆಸೆಪಟ್ಟ. ಬೀಳಲಿಲ್ಲ. ಡಾಕ್ಟರ್ ಸಾಹೇಬನ ಮೈಮೇಲೆ ಕೈ ಮಾಡಿದರೆ ಊರಿಗೇ ಪೋಲೀಸರು ಬರುತ್ತಾರೆ, ಕಂಪೌಂಡರನಿಗೆ ಹೊಡೆದರೆ ಬರುವುದಿಲ್ಲ, ಇಷ್ಟು ಲೆಕ್ಕ ಆ ಸಿಟ್ಟಿನಲ್ಲೂ ವಿರುಪಣ್ಣನಿಗೆ ಗೊತ್ತಿತ್ತು. ನೆಲದ ಮೇಲಿಂದ ಅಬ್ದುಲಸಾಬ ಮಾತಾಡಿದ, ಬಾಯಿ ತುಂಬ ರಕ್ತ, ಮಾತು ತೊದಲುತ್ತಿತ್ತು. ಒಳಗ ಮೇಜಿನ ಮ್ಯಾಲೆ, ಕಾಗದದ ತಳಗ, ಕಟಗಿ ಡಬ್ಬಿ ಐತಿ ತಂಗಿ, ನಿಂದು ಅದರಾಗ ಐತಿ ಅಂದ. ಅವಳು ಒಳಗೆ ಹೋದಳು. ತಡೆಯಲಿಕ್ಕೆ ಈಶಪ್ಪನ ಕೈ ಒಂದು ಗೇಣು ಎದ್ದಿತು, ಅಲ್ಲೇ ನಿಂತಿತು. ಡಬ್ಬಿ ತೆರೆದ ಸದ್ದು, ಹತ್ತಿ ಬಿಚ್ಚುವಷ್ಟು ಹೊತ್ತಿಗೆ ಅವಳು ಅಳುವುದು ಕೇಳಿಸಿತು, ಕಿತ್ತಾಗ ಅತ್ತಿರಲಿಲ್ಲ. ಹೊರಗೆ ಬಂದಾಗ ಹಲ್ಲು ಸೆರಗಿನ ತುದಿಯಲ್ಲಿ ಗಂಟಾಗಿತ್ತು. ಇನ್ನೊಂದು ಕೈಯಲ್ಲಿದ್ದ ಮುದಕಮ್ಮನ ಹಲ್ಲನ್ನು ಈಶಪ್ಪನಿಗೆ ಕೊಡದೆ, ಬಾಗಿ ಅಬ್ದುಲಸಾಬನ ಮಡಿಲಲ್ಲಿ ಇಟ್ಟಳು, ಇದು ಯಾರದೈತಿ ಅವರಿಗೆ ಮುಟ್ಟಿಸಣ್ಣಾ ಅಂತ. ಬಂಡಿ ಹೋಯಿತು.

ದವಾಖಾನೆಯಲ್ಲಿ ಇಬ್ಬರೇ ಉಳಿದರು. ನೆಲವೆಲ್ಲ ಹಸಿ, ಚೀಟಿಗಳು ಶಾಯಿ ಬಿಟ್ಟು ಅಂಟಿಕೊಂಡಿದ್ದವು, ಯಾವ ಹಲ್ಲು ಯಾರದು ಅಂತ ಇನ್ನು ಯಾರೂ ಹೇಳಲಾರರು. ಎರಡು ವರ್ಷದ ಕೆಲಸ. ಏನಾದರೂ ಹೇಳಬೇಕು, ತಪ್ಪಾತು ಅಬ್ದುಲಸಾಬ ಅನ್ನಬೇಕು, ನೀರು ತಂದು ಬಾಯಿ ತೊಳೆಸಬೇಕು ಅಂತ ಈಶಪ್ಪ ಮುಂದೆ ಬಂದ. ನಿಜವಾಗಿಯೂ ಅದಕ್ಕೇ ಬಂದ. ಬಗ್ಗಿದಾಗ ಅಬ್ದುಲಸಾಬನ ಮೊಣಕಾಲಿನ ಹತ್ತಿರ, ಎಲ್ಲದರಿಂದ ಬೇರೆಯಾಗಿ, ಒಂದು ಹಲ್ಲು ಬಿದ್ದಿತ್ತು. ಸ್ಪಿರಿಟ್ಟಿನಲ್ಲಿ ನೆನೆದ ಹಲ್ಲು ಮಾಸಲಾಗಿರುತ್ತದೆ, ಇದು ಹಸಿಯಾಗಿತ್ತು, ರಕ್ತದೊಳಗೂ ಹೊಳೆಯುತ್ತಿತ್ತು. ಮುಂದಿನ ಹಲ್ಲು. ಕಂದು ಪಟ್ಟೆ ದಟ್ಟವಾಗಿ, ಅಂಚು ಸವೆಯದೆ. ಈಶಪ್ಪ ಅದನ್ನು ಎತ್ತಿಕೊಂಡ. ಇದು ನಿಂದು, ತಗೋ ಅಂತ ಅವನ ಕೈಗೆ ಕೊಡಲಿಕ್ಕೇ ಎತ್ತಿಕೊಂಡ, ಹಾಗೆಂದೇ ಅವನು ಅಂದುಕೊಂಡಿದ್ದ. ಅಬ್ದುಲಸಾಬ ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡ. ಈ ಸಲ ಬಾಯಿಗೆ ಅಂಗೈ ಅಡ್ಡ ಹಿಡಿಯಲಿಲ್ಲ. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಬರ್ಕೊಳ್ರಿ ಸಾಹೇಬ್ರ," ಅಂದ. "ಅಬ್ದುಲಸಾಬ, ಇಪ್ಪತ್ತೊಂಬತ್ತು, ಮಂಗಳೂರು, ಅಗಸಿ ಬಾವಿ. ಏನೂ ಜಗಿಯೂದಿಲ್ಲ."

ಆಗ ಈಶಪ್ಪ ತನ್ನ ಕೈ ನೋಡಿಕೊಂಡ. ಅವನ ಹೆಬ್ಬೆರಳು ಆ ಹಲ್ಲಿನ ರಕ್ತ ಒರೆಸಿ, ಅದನ್ನು ಬೆಳಕಿಗೆ ತಿರುಗಿಸಿ, ಬೇರು ಮುರಿದಿಲ್ಲವಷ್ಟೇ ಅಂತ ನೋಡುತ್ತಿತ್ತು.